ಇಂಚು ಮಾಸ್ಟರಿಗೇ ಅಳತೆ ತೆಗೆದರು

ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನ್ ಆಗಿದೆ. ರಿಪೋರ್ಟು ಬೀರುವಿನೊಳಗೆ ಭದ್ರವಾಗಿ ಕೂತಿದೆ. ಅಷ್ಟರಲ್ಲಿ ಡಾಕ್ಟರು, "ಚಿಕಿತ್ಸೆ ಶುರು ಮಾಡೋಕೆ ಮುಂಚೆ ಇನ್ನೊಂದು ಸ್ಕ್ಯಾನ್ ಬೇಕು" ಎನ್ನುತ್ತಾರೆ. ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಗಲೇ ಮಾಡಿಸಿದ್ದಾಯಿತಲ್ಲ, ಮತ್ತೆ ಯಾಕೆ? ಈ ಪ್ರಶ್ನೆ ಏಳದ ಮನೆಯೇ ಇಲ್ಲ. ಇಂಚು ಮಾಸ್ಟರ ಮನೆಯಲ್ಲೂ ಎದ್ದಿತು.

ಇಂಚು ಮಾಸ್ಟರು ಟೈಲರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಅವರ ಅಂಗಡಿ. ಎರಡು ಮಿಷನ್ನು, ಒಂದು ಉದ್ದನೆಯ ಮೇಜು, ಗೋಡೆಯ ತುಂಬ ದಾರದ ಉಂಡೆಗಳು. ಅರ್ಧ ಇಂಚು ಆಚೀಚೆಯಾದರೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವ ಗಟ್ಟಿ ಮನುಷ್ಯ ಎಂದು ಬೀದಿಯವರು ಇಟ್ಟ ಹೆಸರು ಇಂಚು ಮಾಸ್ಟರು. ಗಿರಾಕಿ ಯಾರಾದರೂ, "ಹೋದ ವರ್ಷದ ಅಳತೆ ಬರೆದಿಟ್ಟಿದ್ದೀರಲ್ಲ, ಅದರಲ್ಲೇ ಹೊಲಿದುಬಿಡಿ" ಎಂದರೆ ಮಾಸ್ಟರಿಗೆ ಸರ್ರನೆ ಸಿಟ್ಟು ಬರುತ್ತಿತ್ತು.

"ಹೋದ ವರ್ಷದ ಅಳತೆ ಹೋದ ವರ್ಷದ ಹೊಟ್ಟೇದು ಸ್ವಾಮಿ. ಈ ವರ್ಷದ ಹೊಟ್ಟೆ ತನ್ನಿ!"

ಇಂಥ ಮನುಷ್ಯನ ಬಲಗಿವಿಯ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ಅವರು ಅದನ್ನು ಹುಳ ಕಚ್ಚಿದ್ದು ಎಂದುಕೊಂಡು ಮೂರು ತಿಂಗಳು ಮುಲಾಮು ತಿಕ್ಕಿದರು. ಕೊನೆಗೆ ಹೆಂಡತಿಯೇ ಅಂಗಡಿಗೆ ಬೀಗ ಹಾಕಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನ್, ಪರೀಕ್ಷೆ ಎಲ್ಲ ಆದ ಮೇಲೆ ತಿಳಿಯಿತು, ಅದು ಜೊಲ್ಲಿನ ಗ್ರಂಥಿಯಲ್ಲಿ ಎದ್ದ ಕ್ಯಾನ್ಸರ್ ಗಂಟು. ಆಪರೇಷನ್ ಆಯಿತು, ಗಂಟು ಹೊರಬಂತು, ಗಾಯವೂ ಚೆನ್ನಾಗಿ ಮಾಯಿತು.

"ಕಣ್ಣಿಗೆ ಕಾಣೋದನ್ನೆಲ್ಲ ತೆಗೆದಿದ್ದೀವಿ. ಕಣ್ಣಿಗೆ ಕಾಣದ್ದು ಎಲ್ಲಾದ್ರೂ ಉಳಿದಿರಬಾರದಲ್ಲ, ಅದಕ್ಕೆ ಆರು ವಾರ ರೇಡಿಯೋಥೆರಪಿ, ಅಂದ್ರೆ ಕಿರಣದ ಚಿಕಿತ್ಸೆ ಕೊಡೋಣ" ಎಂದರು ಡಾಕ್ಟರಮ್ಮ. "ಅದಕ್ಕೂ ಮುಂಚೆ ಮಂಗಳವಾರ ಬನ್ನಿ. ಡ್ಯುಯಲ್ ಎನರ್ಜಿ ಸಿ.ಟಿ. ಅಂತ ಒಂದು ಸ್ಕ್ಯಾನ್ ಇದೆ. ಅದನ್ನ ನೋಡಿಕೊಂಡು ಪ್ಲಾನ್ ಮಾಡ್ತೀವಿ."

ಮಾಸ್ಟರು ತಲೆಯಾಡಿಸಿ ಬಂದರು. ಆದರೆ ಸೋಮವಾರ ಸಂಜೆ ಹೆಂಡತಿಯ ಮುಖ ನೋಡದೆ, "ಆಸ್ಪತ್ರೆಯಿಂದ ಫೋನ್ ಬಂದಿತ್ತು ಕಣೇ. ಮಿಷನ್ ಕೆಟ್ಟಿದೆಯಂತೆ, ರಿಪೇರಿ ಆದ್ಮೇಲೆ ಕರೀತಾರಂತೆ" ಎಂದುಬಿಟ್ಟರು. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ಹೆಂಡತಿಗೆ ಹೇಳಿದ ದೊಡ್ಡ ಸುಳ್ಳು ಅದೇ. ಹೇಳಿದ ಮೇಲೆ ಅವರಿಗೆ ಊಟವೂ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಮೂರನೇ ಮನೆಯ ಹುಡುಗಿ ಬಟ್ಟೆ ಹಿಡಿದು ಅಂಗಡಿಗೆ ಬಂದಳು. ಹುಡುಗಿ ಎನ್ನುವುದು ಮಾಸ್ಟರ ಬಾಯಲ್ಲಿ ಮಾತ್ರ, ಈಗ ಅವಳಿಗೆ ಮೂವತ್ತು ದಾಟಿದೆ. ಅವಳ ಮೊದಲ ಶಾಲೆಯ ಯೂನಿಫಾರ್ಮು ಹೊಲಿದವರು ಅವರೇ. ಈಗ ಅವಳು ಅದೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವ ಟೆಕ್ನಿಷಿಯನ್ನು.

"ಚಿಕ್ಕಪ್ಪ, ಡ್ಯೂಟಿಗೆ ಎರಡು ಪ್ಯಾಂಟ್ ಬೇಕು. ಜೇಬು ದೊಡ್ಡದಿರಲಿ."

ಮಾಸ್ಟರು ಅವಳನ್ನು ಕಂಡು ಒಳಗೊಳಗೇ ಬೆವೆತರು. ಕೈಗೆ ಕೆಲಸ ಬೇಕಲ್ಲ, ಬಟ್ಟೆಯನ್ನೂ ಎರಡು ದಾರದ ಉಂಡೆಗಳನ್ನೂ ಹಿಡಿದು ಬಾಗಿಲಿಗೆ ಹೋದರು. ಟ್ಯೂಬ್‌ಲೈಟಿನ ಕೆಳಗೆ ಎರಡೂ ದಾರ ಕಪ್ಪಾಗಿಯೇ ಕಾಣುತ್ತಿದ್ದವು. ಹೊರಗಿನ ಬಿಸಿಲಿಗೆ ಹಿಡಿದಾಗ ಒಂದು ಕಪ್ಪು, ಇನ್ನೊಂದು ಕಡುನೀಲಿ. ಬಟ್ಟೆಯೂ ಕಡುನೀಲಿ. ಸರಿಯಾದ ಉಂಡೆ ಆರಿಸಿಕೊಂಡು ಒಳಗೆ ಬರುವಷ್ಟರಲ್ಲಿ, ಮೂಲೆಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದ ಅವರ ಹೆಂಡತಿ ಕೇಳಿಯೇಬಿಟ್ಟಿದ್ದರು.

"ಅಲ್ಲ ಕಣಮ್ಮ, ನಿಮ್ಮ ಮಿಷನ್ ರಿಪೇರಿ ಆಯ್ತಾ? ನಮ್ಮವರನ್ನ ಯಾವಾಗ ಕರೀತೀರಿ?"

"ಯಾವ ಮಿಷನ್ ಚಿಕ್ಕಮ್ಮ? ಕೆಟ್ಟೇ ಇಲ್ಲವಲ್ಲ."

ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತರು.

"ರೀ."

ಮಾಸ್ಟರು ಬಟ್ಟೆಯ ಅಂಚು ನೋಡುತ್ತಾ ನಿಂತರು.

"ನನ್ನ ಕಣ್ಣು ನೋಡಿ ಹೇಳಿ. ಫೋನ್ ಬಂದಿತ್ತಾ?"

"ಬಂದಿರಲಿಲ್ಲ."

ಹೆಂಡತಿ ಬೈಯುತ್ತಾರೆ ಎಂದುಕೊಂಡಿದ್ದರು ಮಾಸ್ಟರು. ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅದನ್ನು ನೋಡಲಾರದೆ ಮಾಸ್ಟರಿಗೆ ಎದೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು.

"ಒಂದು ಸಲ ನೋಡಿದ್ರು, ಕ್ಯಾನ್ಸರ್ ಸಿಕ್ತು. ಇನ್ನೊಂದು ಸಲ ನೋಡಿದ್ರೆ ಇನ್ನೇನು ಸಿಗುತ್ತೋ! ನೋಡದೇ ಇದ್ರೆ ಏನೂ ಇಲ್ಲ ಅಂತ ಅಂದ್ಕೊಂಡು ಇದ್ದುಬಿಡಬಹುದಲ್ಲ ಅಂತ... ಅಷ್ಟೇ ಕಣೇ."

ಆ ಹೊತ್ತಿಗೆ ಸರಿಯಾಗಿ ಹೆಂಡತಿಯ ತಮ್ಮ ಏಣಿ ಹೊತ್ತು ಬಂದ. ಅವನು ಎಲೆಕ್ಟ್ರಿಷಿಯನ್ನು. ಅಂಗಡಿಯ ಫ್ಯಾನು ನೋಡಲು ಬಂದಿದ್ದ. ವಿಷಯ ಕೇಳಿದ್ದೇ ತಡ, ಏಣಿಯನ್ನು ಗೋಡೆಗೆ ಒರಗಿಸಿ ಮೂಗು ತೂರಿಸಿದ.

"ಭಾವ ಹೋಗದೇ ಇದ್ದಿದ್ದೇ ಒಳ್ಳೇದಾಯ್ತು ಅಕ್ಕ. ಡ್ಯುಯಲ್ ಅಂದ್ರೆ ಎರಡು. ಡ್ಯುಯಲ್ ಎನರ್ಜಿ ಅಂದ್ರೆ ಎರಡು ಪಟ್ಟು ಪವರ್ರು. ಕರೆಂಟಿನ ವಿಷಯ ನನಗೆ ಹೇಳಿಕೊಡಬೇಕಾ? ಫ್ಯೂಸ್ ಸುಟ್ಟಂಗೆ ಸುಟ್ಟುಬಿಡುತ್ತೆ!"

ಟೆಕ್ನಿಷಿಯನ್ ಹುಡುಗಿಗೆ ನಗು ಬಂತು. "ಮಾಮ, ಅರ್ಧ ಸರಿ ಹೇಳಿದ್ರಿ. ಎರಡು ವೋಲ್ಟೇಜ್ ಇರೋದು ನಿಜ."

"ನೋಡಿದ್ಯಾ!" ಎಂದು ಅವನು ಎದೆ ಉಬ್ಬಿಸಿದ.

"ಇನ್ನರ್ಧ ಕೇಳಿ. ಕಡಿಮೆ ವೋಲ್ಟೇಜಿನ ಕಿರಣದಲ್ಲಿ ಒಂದು ಚಿತ್ರ, ಹೆಚ್ಚು ವೋಲ್ಟೇಜಿನದರಲ್ಲಿ ಇನ್ನೊಂದು. ಹಾಗಂತ ಎರಡು ಪಟ್ಟು ಕಿರಣ ಬೀಳಲ್ಲ. ಒಂದು ಸ್ಕ್ಯಾನಿಗೆ ಎಷ್ಟು ಬೇಕೋ ಹೆಚ್ಚುಕಮ್ಮಿ ಅಷ್ಟನ್ನೇ ಎರಡಕ್ಕೂ ಹಂಚ್ತೀವಿ. ಒಂದೇ ಲೋಟದ ಟೀನ ಎರಡು ಕಪ್ಪಿಗೆ ಹಾಕಿದ್ರೆ ಟೀ ಜಾಸ್ತಿ ಆಗುತ್ತಾ?"

ಭಾಮೈದ ಏಣಿಯ ಕಡೆ ನೋಡಿದ. ಟೀ ಜಾಸ್ತಿಯಾಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

"ಸರಿ, ಎರಡು ಚಿತ್ರ ಯಾಕೆ ಬೇಕು?" ಎಂದು ಕೇಳಿದವರು ಮಾಸ್ಟರು.

ಅವಳು ಅವರ ಕೈಯಲ್ಲಿದ್ದ ದಾರದ ಉಂಡೆ ತೋರಿಸಿದಳು. "ಈಗ ಯಾಕೆ ಬಿಸಿಲಿಗೆ ಹೋಗಿದ್ರಿ ಚಿಕ್ಕಪ್ಪ?"

"ಟ್ಯೂಬ್‌ಲೈಟಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಬಿಸಿಲಲ್ಲಿ ಬಣ್ಣ ಬೇರೆಬೇರೆ ಅಂತ ಗೊತ್ತಾಗುತ್ತೆ."

"ನಾವು ಮಾಡೋದೂ ಅದನ್ನೇ. ಒಂದೇ ಥರದ ಕಿರಣದಲ್ಲಿ ನೋಡಿದಾಗ ಮೈಯೊಳಗಿನ ಕೆಲವು ಭಾಗಗಳು ಒಂದೇ ಥರ ಕಾಣ್ತವೆ. ಎರಡು ಥರದಲ್ಲಿ ನೋಡಿದ್ರೆ ಇದು ಮೂಳೆ, ಇದು ಕೊಬ್ಬು, ಇದು ಮಾಂಸಖಂಡ, ಇದು ಲೋಹ ಅಂತ ಇನ್ನೂ ಚೆನ್ನಾಗಿ ಬೇರೆ ಮಾಡಬಹುದು. ರೇಡಿಯೋಥೆರಪಿ ಕಿರಣ ಮೂಳೆ ದಾಟೋದು ಒಂದು ರೀತಿ, ಕೊಬ್ಬು ದಾಟೋದು ಒಂದು ರೀತಿ. ದಾರಿಯಲ್ಲಿ ಏನೇನಿದೆ ಅಂತ ಸರಿಯಾಗಿ ಗೊತ್ತಾದ್ರೆ ತಾನೇ ಎಲ್ಲಿಗೆ ಎಷ್ಟು ತಲುಪುತ್ತೆ ಅಂತ ಲೆಕ್ಕ ಹಾಕೋದು?"

"ಎಲ್ರಿಗೂ ಇದನ್ನ ಮಾಡಿಸ್ತೀರಾ?" ಎಂದರು ಹೆಂಡತಿ.

"ಇಲ್ಲ ಚಿಕ್ಕಮ್ಮ. ಎಷ್ಟೋ ಜನಕ್ಕೆ ಮಾಮೂಲಿ ಸಿ.ಟಿ. ಸಾಕು. ಯಾರಿಗೆ ಬೇಕು ಅಂತ ಡಾಕ್ಟ್ರು ಹೇಳ್ತಾರೆ. ಚಿಕ್ಕಪ್ಪನ ದವಡೆಯಲ್ಲಿ ಲೋಹ ಇದೆಯಲ್ಲ?"

ಇತ್ತು. ಹನ್ನೊಂದು ವರ್ಷದ ಹಿಂದೆ ಮೇಲಿನ ಅಟ್ಟದಿಂದ ಬಟ್ಟೆಯ ಥಾನು ಇಳಿಸಲು ಹೋಗಿ, ಥಾನಿನ ಜೊತೆಗೆ ತಾವೂ ಇಳಿದಿದ್ದರು ಮಾಸ್ಟರು. ಮುರಿದ ದವಡೆಗೆ ಪ್ಲೇಟು, ಸ್ಕ್ರೂ ಹಾಕಿದ್ದರು. ಆಮೇಲೆ ಎರಡು ದವಡೆಹಲ್ಲಿಗೆ ಲೋಹದ ಟೋಪಿಯೂ ಬಂದಿತ್ತು. ಎಲ್ಲವೂ ಬಲಗಡೆಗೇ.

"ನಾನೂ ನೋಡಿದ್ದೀನಿ, ಮೊದಲಿನ ಸ್ಕ್ಯಾನಲ್ಲಿ ಆ ಲೋಹದ ಸುತ್ತ ಕಪ್ಪುಬಿಳಿ ಗೀರು ಬಿದ್ದಿದೆ. ಗೀರಿನ ಕೆಳಗೆ ಏನಿದೆ ಅಂತ ಡಾಕ್ಟರಮ್ಮಂಗೂ ಕಾಣ್ತಿಲ್ಲ. ಈ ಸ್ಕ್ಯಾನಲ್ಲಿ ಗೀರು ಪೂರ್ತಿ ಹೋಗದೇ ಇದ್ರೂ ತುಂಬಾ ಕಮ್ಮಿಯಾಗುತ್ತೆ. ಅದೂ ಅಲ್ಲದೆ, ಆ ಹಳೇ ಸ್ಕ್ಯಾನ್ ಆಪರೇಷನ್‌ಗೆ ಮುಂಚಿನದು. ಈಗ ಗಂಟೇ ಇಲ್ಲ."

ಹೆಂಡತಿ ಇನ್ನು ಸುಮ್ಮನಿರಲಿಲ್ಲ. ಕಣ್ಣು ಒದ್ದೆಯಿದ್ದರೂ ನಾಲಿಗೆ ಹರಿತವಾಗಿತ್ತು.

"ಊರೋರಿಗೆಲ್ಲ ಈ ವರ್ಷದ ಹೊಟ್ಟೆ ತನ್ನಿ ಅಂತೀರಿ. ನಿಮ್ಮ ದವಡೆಗೆ ಮಾತ್ರ ಹಳೇ ಅಳತೆ ಆಗುತ್ತಾ?"

ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. ಆಪರೇಷನ್ ಆದ ಮೇಲೆ ಅವರು ಬಾಯಿ ತೆರೆದು ನಕ್ಕಿದ್ದು ಅದೇ ಮೊದಲು. ನಕ್ಕು ಸುಮ್ಮನಾದ ಮೇಲೆ ಮೆಲ್ಲಗೆ ಕೇಳಿದರು, "ಏನಾದ್ರೂ ಸಿಕ್ಕಿಬಿಟ್ರೆ?"

ಹುಡುಗಿ ಅವರ ಪಕ್ಕಕ್ಕೆ ಬಂದು ಕೂತಳು. "ಸುಳ್ಳು ಹೇಳಲ್ಲ ಚಿಕ್ಕಪ್ಪ. ಸಿಗಲ್ಲ ಅಂತ ನಾನು ಹೇಳೋಕಾಗಲ್ಲ. ಆದ್ರೆ ಇದ್ದಿದ್ದು ಕಂಡ್ರೆ ಅದಕ್ಕೆ ಚಿಕಿತ್ಸೆ ಕೊಡಬಹುದು. ಕಾಣದೇ ಇದ್ರೆ ಅದು ಅಲ್ಲೇ ಬೆಳೀತಾ ಇರುತ್ತೆ. ಆಪರೇಷನ್ ಆಗಿ ಎಷ್ಟೋ ದಿನ ಆಯ್ತು. ಕಿರಣ ತಡ ಆದಷ್ಟೂ ನಿಮಗೇ ನಷ್ಟ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಜಾಗ ಇದೆ. ನಾನೇ ಇರ್ತೀನಿ."

ಮಾಸ್ಟರು ಹೆಂಡತಿಯ ಕಡೆ ನೋಡಿದರು. "ನೀನೂ ಬರ್ತೀಯಾ?"

"ಬಿಟ್ಟರೆ ನೀವು ಬಸ್ ನಿಲ್ದಾಣದಿಂದಲೇ ವಾಪಸ್ ಬರೋ ಗಿರಾಕಿ. ಬರದೇ ಇರ್ತೀನಾ?"

ಸೋಮವಾರ ಮೂವರೂ ಹೋದರು. ಭಾಮೈದನನ್ನು ಯಾರೂ ಕರೆದಿರಲಿಲ್ಲ, ವೈರಿಂಗು ಸರಿಯಿದೆಯೋ ನೋಡಬೇಕು ಎಂದು ತಾನೇ ಹೊರಟಿದ್ದ. ಅವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು.

ಸ್ಕ್ಯಾನಿಗೆ ಮುಂಚೆ ಮುಖಕ್ಕೆ ಒಂದು ಮಾಸ್ಕು ಮಾಡಬೇಕಿತ್ತು. ತೂತುತೂತಿರುವ ಬಿಳಿ ಹಾಳೆಯೊಂದನ್ನು ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿ ತೆಗೆದರು. ಹಲಗೆಯಂತಿದ್ದದ್ದು ಒದ್ದೆ ಬಟ್ಟೆಯಂತೆ ಜೋಲುಬಿತ್ತು. ಮಲಗಿದ್ದ ಮಾಸ್ಟರ ಮುಖದ ಮೇಲೆ ಅದನ್ನು ಎಳೆದು, ಮೂಗಿಗೆ, ಗಲ್ಲಕ್ಕೆ, ಕತ್ತಿಗೆ ಬೆರಳಿನಿಂದ ಒತ್ತಿ ಕೂರಿಸಿದರು. ಬಿಸಿ ಟವೆಲ್ ಹಾಕಿದಷ್ಟೇ ಹಿತ. ಉಸಿರಾಟಕ್ಕೆ ಏನೂ ತೊಂದರೆಯಿಲ್ಲ. ಹತ್ತು ನಿಮಿಷದಲ್ಲಿ ಅದು ತಣ್ಣಗಾಗಿ ಗಟ್ಟಿಯಾಯಿತು. ದಿನವೂ ತಲೆ ಒಂದೇ ಜಾಗದಲ್ಲಿ ಅಲುಗಾಡದೆ ಇರಲಿ ಎಂದು ಈ ಏರ್ಪಾಡು ಎಂದು ಹುಡುಗಿ ಹೇಳಿದಳು.

ಮಾಸ್ಕು ತೆಗೆದಾಗ ಮಾಸ್ಟರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮದೇ ಮೂಗು, ತಮ್ಮದೇ ಗಲ್ಲ, ಒಂದು ಸುಕ್ಕಿಲ್ಲ.

"ಟೇಪು ಹಿಡಿಯದೆ ಇಂಥಾ ಫಿಟಿಂಗು! ನನ್ನ ಜನ್ಮದಲ್ಲಿ ಇಷ್ಟು ಸರಿಯಾಗಿ ಕಾಲರ್ ಕೂರಿಸಿಲ್ಲ ಕಣಮ್ಮ."

"ಸದ್ಯ, ಈಗಲಾದ್ರೂ ಒಪ್ಕೊಂಡ್ರಲ್ಲ" ಎಂದರು ಹೆಂಡತಿ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಮಾಸ್ಕು ಹಾಕಿ ಮೇಜಿಗೆ ಕ್ಲಿಪ್ಪು ಬಿಗಿದರು. ಎಲ್ಲರೂ ಹೊರಗೆ ಹೋದರು. ಮಾಸ್ಟರ ಎದೆ ಸ್ವಲ್ಪ ಹೊತ್ತು ಹೊಲಿಗೆ ಮಿಷನ್ನಿನಂತೆಯೇ ಓಡಿತು. ಗೋಡೆಯ ಸ್ಪೀಕರಿನಿಂದ ಹುಡುಗಿಯ ದನಿ ಕೇಳಿಸಿತು: "ಚಿಕ್ಕಪ್ಪ, ನಾನು ಗಾಜಿನ ಆಚೆಯಿಂದ ನೋಡ್ತಾ ಇದ್ದೀನಿ. ಬೇಡ ಅನ್ನಿಸಿದ್ರೆ ಕೈ ಎತ್ತಿ, ತಕ್ಷಣ ಬರ್ತೀನಿ." ಅಷ್ಟು ಕೇಳಿದ್ದೇ ಅವರ ಮೈ ಸಡಿಲವಾಯಿತು. ಮೇಜು ದೊಡ್ಡ ಬಳೆಯಂಥ ಯಂತ್ರದೊಳಗೆ ಜಾರಿತು, ಗುಂಯ್ ಎಂದು ಸದ್ದಾಯಿತು, ಮತ್ತೆ ಹೊರಗೆ ಜಾರಿತು. ನೋವಿಲ್ಲ, ಬಿಸಿಯಿಲ್ಲ. ಅವರಿನ್ನೂ ಶುರುವಾಗುವುದನ್ನು ಕಾಯುತ್ತಿರುವಾಗಲೇ ಮುಗಿದುಹೋಗಿತ್ತು.

ವಾರ ಕಳೆದು ಡಾಕ್ಟರಮ್ಮ ಕರೆಸಿದರು. ಹೋಗುವ ದಾರಿಯುದ್ದಕ್ಕೂ ಮಾಸ್ಟರು ಹೆಂಡತಿಯ ಕೈ ಬಿಡಲಿಲ್ಲ. ಕೋಣೆಯಲ್ಲಿ ಡಾಕ್ಟರಮ್ಮನ ಜೊತೆ ದಪ್ಪ ಕನ್ನಡಕದವರೊಬ್ಬರು ಕೂತಿದ್ದರು. ಯಾವ ದಿಕ್ಕಿನಿಂದ ಎಷ್ಟು ಕಿರಣ ಬಿಡಬೇಕೆಂದು ಲೆಕ್ಕ ಹಾಕುವ ಫಿಸಿಸಿಸ್ಟ್ ಅವರೇ.

ಅವರು ಕಂಪ್ಯೂಟರಿನಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಎಡಗಡೆಯದು ಹಳೆಯದು. ದವಡೆಯ ಲೋಹದಿಂದ ಕಪ್ಪುಬಿಳಿ ಪಟ್ಟೆಗಳು ಹೊರಟು ಕೆನ್ನೆಯ ತುಂಬ ಹರಡಿದ್ದವು. ಬಲಗಡೆಯದು ಹೊಸದು. ಒಂದೆರಡು ತೆಳು ಗೀರು ಬಿಟ್ಟರೆ ಮೂಳೆಯ ಅಂಚು, ನಾಲಿಗೆ, ಮಾಂಸಖಂಡ ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು.

"ಇಲ್ಲಿ ನೋಡಿ, ಈ ಕಪ್ಪು ಪಟ್ಟೆ" ಎಂದರು ಡಾಕ್ಟರಮ್ಮ. "ಇದರ ಕೆಳಗೆ ಏನಾದ್ರೂ ಉಳಿದಿದೆಯಾ ಅನ್ನೋ ಅನುಮಾನ ನನಗಿತ್ತು. ಹೊಸ ಚಿತ್ರದಲ್ಲಿ ಅಲ್ಲಿ ಆರೋಗ್ಯವಾಗಿರೋ ಮಾಂಸಖಂಡ ಕಾಣ್ತಿದೆ. ಗಂಟು ಉಳಿದಿರೋ ಲಕ್ಷಣ ಎಲ್ಲೂ ಕಾಣ್ತಿಲ್ಲ."

ಮಾಸ್ಟರು ಚಿತ್ರದ ಹತ್ತಿರಕ್ಕೆ ಬಾಗಿದರು. "ಅಂದ್ರೆ... ಸಿಕ್ಕಿಲ್ಲ?"

"ಸಿಕ್ಕಿಲ್ಲ. ಆದ್ರೂ ಕಿರಣ ಬೇಕೇ ಬೇಕು, ಕಣ್ಣಿಗೆ ಕಾಣದ್ದಕ್ಕೆ. ಈಗ ಎಲ್ಲಿಗೆ ಬೇಕೋ ಅಲ್ಲಿಗೆ ಧೈರ್ಯವಾಗಿ ಕೊಡಬಹುದು."

ಫಿಸಿಸಿಸ್ಟ್ ಕನ್ನಡಕ ಸರಿಮಾಡಿಕೊಂಡರು. "ಹಳೇ ಚಿತ್ರ ಇಟ್ಕೊಂಡಿದ್ರೆ ಆ ಪಟ್ಟೆಗಳಿರೋ ಕಡೆಯೆಲ್ಲ ನಾನು ಅಂದಾಜಿನ ಮೇಲೆ ಲೆಕ್ಕ ಹಾಕಬೇಕಿತ್ತು. ಅನುಮಾನಕ್ಕೆ ಅಂತ ಜಾಗ ಸ್ವಲ್ಪ ಹೆಚ್ಚೇ ಬಿಡಬೇಕಿತ್ತು. ಈಗ ನಾಲಿಗೆನ, ಎಡಗಡೆಯ ಜೊಲ್ಲಿನ ಗ್ರಂಥಿನ ಆದಷ್ಟೂ ಕಾಪಾಡಬಹುದು."

ಹೆಂಡತಿ ಇದ್ದಕ್ಕಿದ್ದಂತೆ ಎದ್ದು ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡರು. ಮಾಸ್ಟರು ಮಾತ್ರ ಫಿಸಿಸಿಸ್ಟರನ್ನೇ ದಿಟ್ಟಿಸಿ ನೋಡುತ್ತಿದ್ದರು. ಕೊನೆಗೆ, "ಸಾರ್, ನಿಮ್ಮ ಶರ್ಟಿನ ಎಡ ಭುಜ ಮುಕ್ಕಾಲು ಇಂಚು ಇಳಿದಿದೆ. ನನ್ನ ಲೆಕ್ಕ ನೀವು ಸರಿಮಾಡಿದ್ರಿ, ಇದನ್ನ ನಾನು ಸರಿಮಾಡಿಕೊಡ್ತೀನಿ" ಎಂದರು.

ಹೊರಗೆ ಬಂದಾಗ ಭಾಮೈದ ಬೆಂಚಿನಿಂದ ಎದ್ದು ನಿಂತ. ಅಕ್ಕನ ಮುಖ ನೋಡಿಯೇ ಅವನಿಗೆ ತಿಳಿಯಿತು. ಭಾವನನ್ನು ತಬ್ಬಿಕೊಂಡವನು ಬಹಳ ಹೊತ್ತು ಬಿಡಲಿಲ್ಲ.

ಆರು ವಾರ, ವಾರಕ್ಕೆ ಐದು ದಿನ, ಮಾಸ್ಟರು ಒಂದು ದಿನವೂ ತಪ್ಪಿಸಲಿಲ್ಲ. ಕಷ್ಟವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕನೆಯ ವಾರಕ್ಕೆ ಕಿವಿಯ ಕೆಳಗಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪಾಯಿತು. ಬಾಯಿ ಒಣಗುತ್ತಿತ್ತು, ಬ್ರೆಡ್ಡು ರಟ್ಟಿನಂತಿರುತ್ತಿತ್ತು. ನೀರಿನ ಬಾಟಲಿ ಸದಾ ಪಕ್ಕದಲ್ಲೇ ಬೇಕಿತ್ತು. ಅದನ್ನೆಲ್ಲ ಮುಚ್ಚಿಡದೆ ದಿನವೂ ನರ್ಸಮ್ಮನಿಗೆ ಹೇಳುತ್ತಿದ್ದರು. ಅವರು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಲಿಲ್ಲ. ಚಿಕಿತ್ಸೆ ಮುಗಿದು ಎರಡು ತಿಂಗಳಾಗುವಷ್ಟರಲ್ಲಿ ಚರ್ಮ ತಿಳಿಯಾಯಿತು. ಒಂದು ಬೆಳಿಗ್ಗೆ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, "ಏನೇ ಇದು, ಇಷ್ಟೊಂದು ಸಕ್ಕರೆ ಸುರಿದಿದ್ದೀಯಾ?" ಎಂದು ರೇಗಿದರು. ಹೆಂಡತಿಗೆ ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಬೈಗುಳವೂ ಅಷ್ಟು ಸಿಹಿಯಾಗಿರಲಿಲ್ಲ. ನಾಲಿಗೆಗೆ ರುಚಿ ಮರಳಿತ್ತು.

ಮೊನ್ನೆ ಅಂಚೆಯಣ್ಣ ಕಾಗದ ಕೊಡಲು ಬಂದವರು ಕೊಟ್ಟು ಹೋಗದೆ ಅಲ್ಲೇ ನಿಂತರು. ಜೇಬಿನಲ್ಲಿ ಆಸ್ಪತ್ರೆಯ ಚೀಟಿ ಮಡಚಿಟ್ಟಿತ್ತು. ಅವರಿಗೂ ಕಿರಣ ಚಿಕಿತ್ಸೆ ಎಂದಿದ್ದಾರೆ, ಹೊಟ್ಟೆಯ ಕೆಳಭಾಗಕ್ಕೆ.

"ಇನ್ನೊಂದು ಸ್ಕ್ಯಾನ್ ಬೇಕಂತೆ ಮಾಸ್ಟ್ರೇ. ಹೋಗೋದೋ ಬೇಡವೋ ಅಂತ ಯೋಚ್ನೆ."

"ಮೈಯಲ್ಲಿ ಎಲ್ಲಾದ್ರೂ ಲೋಹ ಹಾಕಿದ್ದಾರಾ?"

"ಸೊಂಟದಲ್ಲಿದೆ. ಸೈಕಲ್ಲಿಂದ ಬಿದ್ದಾಗ ಹಾಕಿದ್ದು, ತುಂಬಾ ಹಳೇದು."

"ಡಾಕ್ಟ್ರಿಗೆ ಹೇಳಿದ್ರಾ?"

"ಅವರು ಕೇಳಲಿಲ್ಲವಲ್ಲ."

"ಕೇಳಲಿ ಅಂತ ಯಾಕೆ ಕಾಯ್ತೀರಿ? ನೀವೇ ಹೇಳಬೇಕು!" ಮಾಸ್ಟರು ಕತ್ತರಿ ಕೆಳಗಿಟ್ಟರು. "ಚೀಟಿ ತೋರಿಸಿ. ನಾಳೆ ಅಂತ ಇದೆಯಲ್ಲ! ಬೆಳಿಗ್ಗೆ ಒಂಬತ್ತಕ್ಕೆ ಬಸ್ ನಿಲ್ದಾಣದಲ್ಲಿರಿ, ನಾನೂ ಬರ್ತೀನಿ."

"ಅಂಗಡಿ?"

"ಒಂದು ದಿನ ಅಂಗಡಿ ಮುಚ್ಚಿದ್ರೆ ಊರೋರೇನು ಬರಿಮೈಯಲ್ಲಿ ಓಡಾಡ್ತಾರಾ?"

ಅಂಚೆಯಣ್ಣ ನಗುತ್ತಾ ಬೀದಿಗಿಳಿದರು. ಮರುದಿನ ಇಬ್ಬರೂ ಹೋದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ರೇಡಿಯೋಥೆರಪಿ ಎಂದಿದ್ದರೆ, ಚಿಕಿತ್ಸೆಗೆ ಮುಂಚಿನ ಸ್ಕ್ಯಾನನ್ನು ಮುಂದೂಡಬೇಡಿ. ಅದು ಯಾವ ಸ್ಕ್ಯಾನು, ಯಾಕೆ ಬೇಕು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಡ್ಯುಯಲ್ ಎನರ್ಜಿ ಸಿ.ಟಿ. ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲ ಕಡೆ ಇರುವುದೂ ಇಲ್ಲ. ನಿಮಗೆ ಬೇಕು ಎಂದು ಡಾಕ್ಟರು ಹೇಳಿದರೆ ಹೆದರಬೇಡಿ. ಹಲ್ಲಿನ ಟೋಪಿ, ಮೂಳೆಯ ಪ್ಲೇಟು, ಎದೆಯಲ್ಲಿಟ್ಟ ಪೇಸ್‌ಮೇಕರು, ಎಷ್ಟೇ ಹಳೆಯದಾಗಿದ್ದರೂ ಸರಿ, ಕೇಳುವುದಕ್ಕೆ ಮುಂಚೆಯೇ ಹೇಳಿ. ಕಿರಣ ಬಿಡುವ ಜಾಗ ತಿಳಿಯಲೆಂದು ಚರ್ಮದ ಮೇಲೆ ಗುರುತು ಹಾಕಿದ್ದರೆ ತಿಕ್ಕಿ ತೊಳೆಯಬೇಡಿ. ಭಯವಾದರೆ ಭಯವಾಗುತ್ತಿದೆ ಎಂದು ಮನೆಯವರಿಗೆ ಹೇಳಿಬಿಡಿ, ಸುಳ್ಳು ಹೇಳಿ ಒಬ್ಬರೇ ನುಂಗಿಕೊಳ್ಳಬೇಡಿ.

ನಿಮಗೆ ಏನೂ ಇಲ್ಲದಿದ್ದರೆ ಇನ್ನೂ ಸಂತೋಷ. ಅಕ್ಕಪಕ್ಕದಲ್ಲಿ ಯಾರಾದರೂ ಆಸ್ಪತ್ರೆಯ ಚೀಟಿ ಜೇಬಿನಲ್ಲಿಟ್ಟುಕೊಂಡು ಹಿಂದೆಮುಂದೆ ನೋಡುತ್ತಿರಬಹುದು. ಅವರ ಜೊತೆ ಒಂದು ದಿನ ಹೋಗಿ ಬನ್ನಿ.